ತಂಗಿಯ ಅಕ್ಷರ ಕೂರದ ಕಂಪ್ಯೂಟರ್

“ಗುರುಗಳೇ, ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗೆ ಕಂಪ್ಯೂಟರ್ ಕಟ್ಟಿಕೊಡುವಾಗ ಅವರ ಮಾತು ಕೇಳಬೇಕೇ, ಇಲ್ಲ ನಮಗೆ ತಿಳಿದದ್ದನ್ನು ಮಾಡಬೇಕೇ?”

ಕೇಳಿದವನು ನಿರಂಜನ. ಗುರುಗಳೆಂದರೆ ವೃಷಭೇಂದ್ರಯ್ಯನವರು. ತಮ್ಮ ಮನೆಯ ಮುಂಗೋಣೆಯಲ್ಲಿ ಕೆಲವು ಶಿಷ್ಯರನ್ನು ಕೂರಿಸಿಕೊಂಡು, ಬಿಡಿಭಾಗಗಳಿಂದ ಕಂಪ್ಯೂಟರ್ ಜೋಡಿಸುವ ವಿದ್ಯೆ ಕಲಿಸುತ್ತಿದ್ದರು. ಮೂಗಿನ ಮೇಲೇ ಕೋಪ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟದ್ದು ಕಡಿಮೆ.

“ಯಾರಿಗೆ ಕಟ್ಟುತ್ತಿದ್ದೀಯಪ್ಪ?”

“ನಮ್ಮ ಅತ್ತಿಗೆಗೆ. ಒಳ್ಳೆಯ ಪ್ರೊಸೆಸರ್ ಆರಿಸಿದ್ದೇನೆ. ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕೆಂದಿದ್ದೇನೆ. ಅವರು ಮಾತ್ರ ಹಳೆಯದೇ ಇರಲಿ ಅಂತ ಹಟ ಹಿಡಿದು ಕೂತಿದ್ದಾರೆ. ಯಾಕೆ ಅಂತ ಕೇಳಿದರೆ ಹೇಳೋದಕ್ಕೆ ಬರುವುದಿಲ್ಲ. ನಿನ್ನೆ ಎಲ್ಲರ ಮುಂದೆ ನನಗೆ ನಗು ಬಂದುಬಿಟ್ಟಿತು.”

“ನಕ್ಕೆಯಾ?”

“ನಕ್ಕೆ.”

“ಭೇಷ್! ಆ ಫೋನ್ ಆಚೆ ಇಡು. ಇಲ್ಲಿ ಬಂದು ಕೂತುಕೋ.”

ಗುರುಗಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಜೋಡಣೆಗಾರನಿದ್ದ. ನಿನ್ನ ಹಾಗೆಯೇ, ಬಿಡಿಭಾಗ ತಂದು ಕಂಪ್ಯೂಟರ್ ಕಟ್ಟುವವನು. ಕೆಲಸದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಯಾವ ಮದರ್‌ಬೋರ್ಡಿಗೆ ಯಾವ ಪ್ರೊಸೆಸರ್ ಒಗ್ಗುತ್ತದೆ, ಯಾವುದು ಎಷ್ಟು ಕರೆಂಟ್ ಎಳೆಯುತ್ತದೆ, ಯಾವುದು ಬೇಗ ಬಿಸಿಯಾಗುತ್ತದೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಊರಿನವರು ಕಂಪ್ಯೂಟರ್ ಕೊಳ್ಳುವ ಮುಂಚೆ ಅವನನ್ನು ಒಂದು ಮಾತು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಅವನು ಧಾರಾಳವಾಗಿ ಹೇಳುತ್ತಿದ್ದ. ಆದರೆ ತಿರುಗಿ ಅವರನ್ನು ಒಂದು ಪ್ರಶ್ನೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವನಿಗೆ ಕೆಲವು ಗೆಳೆಯರಿದ್ದರು. ಅವರಿಗೂ ಅದೇ ಹುಚ್ಚು. ಸಂಜೆ ಟೀ ಅಂಗಡಿಯ ಮುಂದೆ ಸೇರಿದರೆ ಸಾಕು, ಆಪರೇಟಿಂಗ್ ಸಿಸ್ಟಮ್ಮಿನ ಜಗಳ ಶುರು. ಇದು ಶ್ರೇಷ್ಠ, ಅದು ಕಸ. ಇದನ್ನು ಬಳಸುವವನು ಬುದ್ಧಿವಂತ, ಅದನ್ನು ಬಳಸುವವನು ದಡ್ಡ ಶಿಖಾಮಣಿ. ಅಬ್ಬಬ್ಬಾ, ಆಸ್ತಿ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರೂ ಹಾಗೆ ಕಚ್ಚಾಡುವುದಿಲ್ಲ. ಅಲ್ಲಿ ಯಾರ ಮಾತಿಗೆ ಹೆಚ್ಚು ತಲೆಗಳು ಅಲ್ಲಾಡುತ್ತವೋ ಅವನೇ ಆ ದಿನದ ರಾಜ. ನಮ್ಮ ಜೋಡಣೆಗಾರನಿಗೆ ಆ ಪಟ್ಟದ ಮೇಲೆ ಬಹಳ ಆಸೆ.

ಇಷ್ಟೆಲ್ಲ ತಿಳಿದವನು, ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಾಲನ್ನೂ ಬರೆದವನಲ್ಲ. ಬರೆಯುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕನ್ನಡ, ಬೈಯುವುದೂ ಕನ್ನಡದಲ್ಲೇ. ಕೀಬೋರ್ಡಿನ ಮೇಲೆ ಕೈಯಿಟ್ಟ ಕೂಡಲೇ ಇಂಗ್ಲಿಷು. ಯಾಕಪ್ಪ ನಿರಂಜನ, ಮುಖ ಆ ಕಡೆ ತಿರುಗಿಸಿದೆ? ನಿನ್ನನ್ನು ಅಂದದ್ದಲ್ಲ, ಕೇಳು.

ಅವನಿಗೆ ಒಬ್ಬಳು ತಂಗಿ. ಅದೇ ಬೀದಿಗೆ ಕೊಟ್ಟಿದ್ದರು. ಆಕೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡಿಕೊಡುತ್ತಿದ್ದಳು. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಆ ಊರಿನ ಜೋಯಿಸರ ಪಂಚಾಂಗ. ಜೋಯಿಸರು ವರ್ಷವೆಲ್ಲ ಲೆಕ್ಕ ಹಾಕಿ ಹಾಳೆಗಳ ಮೇಲೆ ಬರೆಯುತ್ತಿದ್ದರು. ಆಕೆ ಅದನ್ನು ಕಂಪ್ಯೂಟರಿನಲ್ಲಿ ಕೂರಿಸುತ್ತಿದ್ದಳು. ಯುಗಾದಿಗೆ ಮುಂಚೆ ಅದು ಅಚ್ಚಾಗಿ ಬರಬೇಕು. ಸುತ್ತಲಿನ ಊರುಗಳಿಗೆಲ್ಲ ಅದೇ ಪಂಚಾಂಗ.

ಲಗ್ನಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೆ ಜನ ನಕ್ಕು, ಊಟ ಮಾಡಿ ಹೋಗುತ್ತಾರೆ. ಪಂಚಾಂಗ ಹಾಗಲ್ಲ. ಏಕಾದಶಿ ಇರಬೇಕಾದಲ್ಲಿ ದಶಮಿ ಬಿದ್ದರೆ ಯಾರದೋ ಮನೆಯಲ್ಲಿ ತಂದೆಯ ಶ್ರಾದ್ಧ ಬೇರೆ ದಿನಕ್ಕೆ ಹೋಗುತ್ತದೆ. ಯಾರೋ ಮುದುಕಿ ಏಕಾದಶಿಯ ದಿನ ಉಂಡು ಮಾರನೆಯ ದಿನ ಉಪವಾಸ ಕೂರುತ್ತಾಳೆ. ಅದಕ್ಕೇ ಆಕೆ ಒಂದೊಂದು ತಿಥಿಯನ್ನೂ ಬಾಯಲ್ಲಿ ಹೇಳಿಕೊಂಡು ಬೆರಳಚ್ಚು ಮಾಡುತ್ತಿದ್ದಳು. ಮುಗಿದ ಮೇಲೆ ಹಾಳೆಯ ಜೊತೆ ಹೋಲಿಸಿ ಮತ್ತೆ ಓದುತ್ತಿದ್ದಳು. ಆಕೆ ಮಾಡಿಕೊಟ್ಟ ಪಂಚಾಂಗದಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ಯಾರೂ ಜೋಯಿಸರ ಮನೆಯ ಮೆಟ್ಟಿಲು ಹತ್ತಿರಲಿಲ್ಲ. “ಗ್ರಹಗಳ ಲೆಕ್ಕ ನನ್ನದು, ಅಕ್ಷರದ ಲೆಕ್ಕ ಈ ತಾಯಿಯದು” ಎಂದು ಜೋಯಿಸರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತೇ ಆಕೆಗೆ ಒಡವೆ. ಬೇರೆ ಹೇಳಿಕೊಳ್ಳುವಂಥ ಹೆಸರು ಆಕೆಗಿರಲಿಲ್ಲ, ಬೇಕೂ ಇರಲಿಲ್ಲ.

ಆಕೆಯ ಕಂಪ್ಯೂಟರ್ ಹಳೆಯದು. ಕೀಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಆಕೆಗೆ ನೋಡುವ ಅಗತ್ಯವೇ ಇರಲಿಲ್ಲ, ಬೆರಳಿಗೇ ಗೊತ್ತಿತ್ತು. ಆ ವರ್ಷ ಪಂಚಾಂಗದ ಕೆಲಸ ಇನ್ನೇನು ಮುಗಿಯುತ್ತದೆ ಅನ್ನುವಾಗ ಕಂಪ್ಯೂಟರ್ ನಡುನಡುವೆ ನಿಂತುಹೋಗತೊಡಗಿತು. ಆಕೆ ಅಣ್ಣನ ಬಳಿಗೆ ಓಡಿದಳು. “ಅಣ್ಣ, ಇದಕ್ಕೊಂದು ದಾರಿ ಮಾಡಿಕೊಡು. ಯುಗಾದಿ ಹತ್ತಿರ ಬಂತು.”

ಜೋಡಣೆಗಾರ ಮುಚ್ಚಳ ತೆಗೆದು ನೋಡಿದ. ಒಳಗೆ ಧೂಳು ತುಂಬಿ ಫ್ಯಾನ್ ತಿರುಗುತ್ತಿರಲಿಲ್ಲ. ಧೂಳು ಒರೆಸಿ ಫ್ಯಾನ್ ಬದಲಿಸಿದ್ದರೆ ಆಗಿಹೋಗುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಆದರೆ ಫ್ಯಾನ್ ಬದಲಿಸಿದವನನ್ನು ಯಾರಾದರೂ ಹೊಗಳುತ್ತಾರೆಯೇ? “ಈ ಡಬ್ಬವನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳುತ್ತೀಯ? ನಾನು ಹೊಸದು ಕಟ್ಟಿಕೊಡುತ್ತೇನೆ. ಅಣ್ಣನ ಉಡುಗೊರೆ ಅಂದುಕೋ” ಎಂದ. ಪ್ರೀತಿಯಿಂದಲೇ ಅಂದ, ಅದು ಸುಳ್ಳಲ್ಲ. ಆದರೆ ಪ್ರೀತಿಗಿಂತ ದೊಡ್ಡದು ಒಂದು ಒಳಗಿತ್ತು.

ಆಮೇಲೆ ಆರಿಸಲು ಕೂತ. ಏನು ಆರಿಸಿದ ಅಂತೀಯ! ಯುದ್ಧದ ಆಟ ಆಡುವ ಹುಡುಗರು ಕನಸು ಕಾಣುವಂಥ ಗ್ರಾಫಿಕ್ಸ್ ಕಾರ್ಡ್. ಸಿನಿಮಾ ಎಡಿಟಿಂಗ್ ಮಾಡುವವರಿಗೂ ಮಿಕ್ಕುವಷ್ಟು ರ‍್ಯಾಮ್. ಒಂದು ಪಕ್ಕಕ್ಕೆ ಗಾಜು ಕೂರಿಸಿದ ಕ್ಯಾಬಿನೆಟ್, ಅದರೊಳಗೆ ಬಣ್ಣ ಬದಲಿಸುವ ದೀಪಗಳು. ಯಾರಿಗೆ ಇದೆಲ್ಲ? ತಿಥಿ, ವಾರ, ನಕ್ಷತ್ರ ಬೆರಳಚ್ಚು ಮಾಡುವ ಹೆಣ್ಣುಮಗಳಿಗೆ!

ಆಪರೇಟಿಂಗ್ ಸಿಸ್ಟಂ ಆರಿಸುವಾಗ ಅವನಿಗೆ ತಂಗಿಯ ನೆನಪಾಗಲಿಲ್ಲ. ಟೀ ಅಂಗಡಿಯ ಗೆಳೆಯರ ನೆನಪಾಯಿತು. ಅವರು ಮೆಚ್ಚುವಂಥದ್ದನ್ನು, ಎಲ್ಲಕ್ಕಿಂತ ಹೊಸದನ್ನು ಹಾಕಿದ. ಅದು ಕೆಟ್ಟದ್ದಲ್ಲ, ಇದನ್ನು ಸರಿಯಾಗಿ ಕೇಳಿಸಿಕೋ. ಬಲು ಗಟ್ಟಿಯಾದ ಸಿಸ್ಟಮ್ಮು. ನನ್ನ ಈ ಕಂಪ್ಯೂಟರಿನಲ್ಲೂ ಅಂಥದ್ದೇ ಇದೆ. ಅದಕ್ಕೆ ಬೈದುಕೊಂಡು ಈ ಕತೆಯಿಂದ ತಪ್ಪಿಸಿಕೊಳ್ಳಲು ನೋಡಬೇಡ.

ಅವನು ಕಟ್ಟುತ್ತಿರುವಾಗ ತಂಗಿ ಒಮ್ಮೆ ಬಂದು ಬಾಗಿಲಲ್ಲಿ ನಿಂತಳು. ಗೆಳೆಯರೂ ಅಲ್ಲಿದ್ದರು. ಆಕೆ ಮೆಲ್ಲಗೆ ಅಂದಳು: “ಅಣ್ಣ, ನನಗೆ ಇದೆಲ್ಲ ತಿಳಿಯುವುದಿಲ್ಲ. ಇದರಲ್ಲಿ ನನ್ನ ಅಕ್ಷರ ಕೂರಬೇಕು, ಅಷ್ಟೇ.”

“ನಿನ್ನ ಅಕ್ಷರ ಏನು ಮಹಾ? ಇದರಲ್ಲಿ ಆನೆಯನ್ನೂ ಕೂರಿಸಬಹುದು” ಎಂದ ಅಣ್ಣ.

ಗೆಳೆಯರು ಘೊಳ್ಳೆಂದು ನಕ್ಕರು. ಆಕೆಯೂ ನಕ್ಕಳು. ಅಣ್ಣನಿಗೆ ಗೊತ್ತಿರುತ್ತದೆ ಎಂದುಕೊಂಡು ಮನೆಗೆ ಹೋದಳು. ಆಕೆಯ ಫೈಲುಗಳನ್ನೆಲ್ಲ ಅವನು ಹೊಸ ಕಂಪ್ಯೂಟರಿಗೆ ಹಾಕಿಕೊಂಡ. ಹಳೆಯದರ ಡಿಸ್ಕನ್ನು ಒರೆಸಿ ಗುಜರಿಗೆ ಕೊಟ್ಟುಬಿಟ್ಟ. ಅದರೊಳಗೆ ಇನ್ನೇನಿತ್ತು ಎಂದು ನೋಡಲಿಲ್ಲ.

ಹೊಸ ಕಂಪ್ಯೂಟರ್ ತಂಗಿಯ ಮನೆಗೆ ಬಂತು. ಆಕೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮಲ್ಲಿಗೆ ಮುಡಿಸಿ, ಹೊಸಿಲ ಆಚೆ ತೆಂಗಿನಕಾಯಿ ಒಡೆಸಿದಳು. ಅಕ್ಕಪಕ್ಕದವರು ಬಂದರು. ಗೆಳೆಯರೂ ಬಂದರು. ದೀಪಗಳು ಕೆಂಪಾಗಿ, ನೀಲಿಯಾಗಿ, ಹಸಿರಾಗಿ ಹೊಳೆದವು. “ಕಟ್ಟಿದರೆ ಹೀಗೆ ಕಟ್ಟಬೇಕು ಕಣಯ್ಯ” ಎಂದು ಒಬ್ಬ ಗೆಳೆಯ ಬೆನ್ನು ತಟ್ಟಿದ. ಜೋಡಣೆಗಾರ ಉಬ್ಬಿಹೋದ.

ತಂಗಿ ಕುರ್ಚಿಯ ಮೇಲೆ ಕೂತು, ಅಣ್ಣ ಹಾಕಿದ್ದ ಹೊಸ ತಂತ್ರಾಂಶದಲ್ಲಿ ಪಂಚಾಂಗದ ಫೈಲ್ ತೆರೆದಳು. ಚೈತ್ರ ಶುದ್ಧ ಪಾಡ್ಯ ಇರಬೇಕಾದಲ್ಲಿ ಇಂಗ್ಲಿಷಿನ ಬಿಡಿ ಅಕ್ಷರಗಳು, ನಡುವೆ ಕೊಕ್ಕೆ, ಚುಕ್ಕೆ, ಅರ್ಥವಿಲ್ಲದ ಗುರುತುಗಳು. ಪುಟ ತಿರುಗಿಸಿದಳು. ಅದೂ ಹಾಗೆಯೇ. ಮತ್ತೊಂದು ಫೈಲ್ ತೆರೆದಳು. ಅದೂ ಹಾಗೆಯೇ. ಆಕೆ ಗಾಬರಿಯಿಂದ ಅಣ್ಣನ ಕಡೆ ತಿರುಗಿದಳು.

“ಅಣ್ಣ, ಇದೇನು? ನನ್ನ ಅಕ್ಷರ ಹಾಕಲಿಲ್ಲವೇನೋ?”

ಗೆಳೆಯರು ಬಗ್ಗಿ ನೋಡಿದರು. ಅಕ್ಕಪಕ್ಕದವರೂ ನೋಡಿದರು. ಆಮೇಲೆ ಎಲ್ಲರೂ ಜೋಡಣೆಗಾರನ ಮುಖ ನೋಡಿದರು. ಅವನಿಗೆ ಏನೂ ತಿಳಿಯಲಿಲ್ಲ. ಅಂಥದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಇಲ್ಲಿ ನಿರಂಜನ ತಡೆಯಲಾರದೆ, “ಗುರುಗಳೇ, ಅದು ಕನ್ನಡ ಅಕ್ಷರದ ಫಾಂಟ್ ಇಲ್ಲದ್ದಕ್ಕೆ ಆದದ್ದಲ್ಲವೇ?” ಎಂದ.

ಹೌದು ಮಹಾರಾಯ, ನಿನಗೆ ಗೊತ್ತು, ನಾನು ಹೇಳಿಕೊಟ್ಟಿದ್ದೇನೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ‘ಗೊತ್ತಾಗುತ್ತಿಲ್ಲ, ನೋಡೋಣ ಇರಮ್ಮ’ ಎಂದು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೆಳೆಯರ ಮುಂದೆ ಅದನ್ನು ಹೇಗೆ ಆಡುವುದು? ಅದರ ಬದಲು ಬೇರೆ ಮಾತು ಬಂತು.

“ನಿನ್ನ ಫೈಲೇ ಕೆಟ್ಟುಹೋಗಿದೆ. ಆ ಡಬ್ಬ ನಿಂತುಹೋದಾಗಲೆಲ್ಲ ಸರಿಯಾಗಿ ಸೇವ್ ಮಾಡದೆ ಎದ್ದಿದ್ದೀಯ. ನಿನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೀಯ.”

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ಸೇವ್ ಮಾಡಿದ್ದು ಆಕೆಗೆ ನೆನಪಿತ್ತು. ಆದರೆ ಹೇಳುತ್ತಿರುವವನು ಅಣ್ಣ. ಊರೆಲ್ಲ ಕೇಳುವುದು ಅವನನ್ನೇ. ಅವನನ್ನು ಬಿಟ್ಟು ಆಕೆ ಇನ್ನಾರನ್ನು ನಂಬಬೇಕಿತ್ತು? ಹಳೆಯ ಕಂಪ್ಯೂಟರಾದರೂ ಇದ್ದಿದ್ದರೆ ತೆರೆದು ನೋಡುತ್ತಿದ್ದಳೋ ಏನೋ. ಅದು ಗುಜರಿಯವನ ಪಾಲಾಗಿತ್ತು. ಅಕ್ಕಪಕ್ಕದವರು ಲೊಚಗುಟ್ಟುತ್ತ ಒಬ್ಬೊಬ್ಬರೇ ಎದ್ದು ಹೋದರು. ಆಕೆ ಅವಮಾನದಿಂದ ಕುಗ್ಗಿಹೋದಳು.

ಜೋಯಿಸರಿಗೆ ಹೇಳಬೇಕಲ್ಲ. ಮಾರನೆಯ ದಿನ ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋದಳು. ಜೋಯಿಸರು ಜಗುಲಿಯ ಮೇಲೆ ಕೂತಿದ್ದರು. ಆಕೆ ನಿಂತೇ ಹೇಳಿದಳು: “ಪಂಚಾಂಗದ ಕೆಲಸವೆಲ್ಲ ಹೋಯಿತು. ತಪ್ಪು ನನ್ನದು. ನನ್ನ ಕೈಯಿಂದಲೇ ಆದದ್ದು.”

ಜೋಯಿಸರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ನಿನ್ನ ಕೈಯಿಂದ ಹೀಗಾಗುತ್ತದೆ ಎಂದು ನಾನು ಎಣಿಸಿರಲಿಲ್ಲ ತಾಯಿ” ಎಂದರು. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಅತ್ತಳು.

ಆಗ ಅಣ್ಣ ಏನು ಮಾಡಿದ ಗೊತ್ತೇ? ಮುಂದೆ ಬಂದು ಕೈ ಮುಗಿದ. “ಪಾಪ, ತಿಳಿಯದೆ ಮಾಡಿದ್ದಾಳೆ. ದೊಡ್ಡವರು ಮನ್ನಿಸಬೇಕು” ಎಂದ. ತಂಗಿಯ ಪರವಾಗಿ ಅವನು ಕ್ಷಮೆ ಕೇಳಿದ! ಆಕೆ ಅವನ ಕಡೆ ನೋಡಿದಳು. ಆ ನೋಟದಲ್ಲಿ ಇದ್ದದ್ದು ಕೃತಜ್ಞತೆ.

ಮತ್ತೆ ಮೊದಲಿನಿಂದ ಬೆರಳಚ್ಚು ಮಾಡಿಸಲು ಸಮಯವಿರಲಿಲ್ಲ. ಪಕ್ಕದ ಪೇಟೆಯ ಅಚ್ಚುಮನೆಯಲ್ಲಿ ಕಾಗದ ತರಿಸಿ, ಈ ಕೆಲಸಕ್ಕೆಂದೇ ಯಂತ್ರ ಬಿಡುವು ಮಾಡಿಕೊಂಡು ಕಾಯುತ್ತಿದ್ದರು. “ಈ ವರ್ಷ ಪಂಚಾಂಗವಿಲ್ಲ ಎಂದು ಯಾರಾದರೂ ಹೋಗಿ ತಿಳಿಸಿ” ಎಂದರು ಜೋಯಿಸರು. ನಾನು ಹೋಗುತ್ತೇನೆ ಎಂದ ಜೋಡಣೆಗಾರ. ಬರಿ ಮಾತಿನಲ್ಲಿ ಹೇಳಿದರೆ ಅಚ್ಚುಮನೆಯವನು ನಂಬಲಿಕ್ಕಿಲ್ಲ, ಎಷ್ಟು ಕೆಟ್ಟಿದೆ ಎಂದು ಕಣ್ಣಾರೆ ನೋಡಲಿ ಎಂದು ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡ. ತಂಗಿಯ ತಪ್ಪಿಗೆ ಸಾಕ್ಷಿ ಹೊತ್ತುಕೊಂಡು ಹೊರಟ, ನೋಡು.

ಅಚ್ಚುಮನೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಮಸಿ ಮೆತ್ತಿದ ಕೀಬೋರ್ಡು. ಜೋಡಣೆಗಾರನಿಗೆ ಅದನ್ನು ನೋಡಿಯೇ ಅಸಹ್ಯವಾಯಿತು. ಅಚ್ಚುಮನೆಯವನು ಪೆನ್‌ಡ್ರೈವ್ ಚುಚ್ಚಿ ಫೈಲ್ ತೆರೆದ. ಪರದೆಯ ಮೇಲೆ ಪುಟ ಮೂಡಿತು. ಚೈತ್ರ ಶುದ್ಧ ಪಾಡ್ಯ. ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಒಂದೊಂದೂ ತನ್ನ ತನ್ನ ಜಾಗದಲ್ಲಿ ನೆಟ್ಟಗೆ ಕೂತಿತ್ತು.

“ಚೆನ್ನಾಗಿಯೇ ಇದೆಯಲ್ಲ ಸ್ವಾಮಿ. ಯಾರು ಕೆಟ್ಟಿದೆ ಅಂದದ್ದು?” ಎಂದ ಅಚ್ಚುಮನೆಯವನು. “ಆ ಅಮ್ಮನ ಕೆಲಸದಲ್ಲಿ ತಪ್ಪು ಬಂದದ್ದನ್ನು ನಾವು ಕಂಡೇ ಇಲ್ಲ.”

ಜೋಡಣೆಗಾರ ಕಷ್ಟಪಟ್ಟು ಅದು ಹೇಗೆ ಎಂದು ಕೇಳಿದ. ಅಚ್ಚುಮನೆಯವನು ಕೆಲಸ ಮಾಡುತ್ತಲೇ ಹೇಳಿದ. ಈ ಹಳೆಯ ಕನ್ನಡ ಫಾಂಟುಗಳು ಹಾಗೆಯೇ. ಫೈಲಿನ ಒಳಗೆ ಇರುವುದು ಇಂಗ್ಲಿಷಿನ ಗುರುತು, ಫಾಂಟ್ ಇದ್ದರೆ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಬರಿ ಗುರುತುಗಳೇ ಕಾಣುತ್ತವೆ. ಪುಟ ಕಟ್ಟುವ ಹಳೆಯ ತಂತ್ರಾಂಶವೂ ಎಲ್ಲ ಸಿಸ್ಟಮ್ಮುಗಳಲ್ಲಿ ನಡೆಯುವುದಿಲ್ಲ. ಅದಕ್ಕೇ ತಾನು ಈ ಹಳೆಯದನ್ನು ಇಟ್ಟುಕೊಂಡಿರುವುದು. ಇದು ಕನ್ನಡ ಬೆರಳಚ್ಚು ಮಾಡುವವರಿಗೆಲ್ಲ ಗೊತ್ತಿರುವ ವಿಷಯವಲ್ಲವೇ ಎಂದ.

ನಾಚಿಕೆ ಎಂದರೆ ಏನೆಂದು ಜೋಡಣೆಗಾರನಿಗೆ ಅಂದು ತಿಳಿಯಿತು. ತಂಗಿ ಕೇಳಿದ್ದು ಅದೊಂದನ್ನೇ. ಅವನು ಅದಕ್ಕೆ ಆನೆಯ ಮಾತಾಡಿ ನಕ್ಕಿದ್ದ. ಅಕ್ಷರ ಹಾಕಲಿಲ್ಲವೇನೋ ಎಂದು ಆಕೆ ಎಲ್ಲರ ಮುಂದೆ ಕೇಳಿಯೂ ಇದ್ದಳು. ಜೋಯಿಸರ ಜಗುಲಿಯ ಮುಂದೆ ಆಕೆ ಅತ್ತದ್ದು, ತಾನು ದೊಡ್ಡ ಮನುಷ್ಯನ ಹಾಗೆ ಕೈ ಮುಗಿದದ್ದು, ಎಲ್ಲ ಕಣ್ಣ ಮುಂದೆ ಬಂತು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಅಚ್ಚುಮನೆಯವನಿಂದ ಫಾಂಟನ್ನೂ ಹಳೆಯ ತಂತ್ರಾಂಶವನ್ನೂ, ಅದು ನಡೆಯುವ ಹಳೆಯ ಸಿಸ್ಟಮ್ಮನ್ನೂ ಹಾಕಿಸಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ. ‘ತಪ್ಪು ನನ್ನದಮ್ಮ, ನಿನ್ನದಲ್ಲ.’ ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡುವಷ್ಟು ಸಲ ಹೇಳಿಕೊಂಡ. ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿದ್ದ. ಇದನ್ನು ನಾನು ಅವನ ಪರವಾಗಿ ಹೇಳುತ್ತೇನೆ.

ಮನೆಯಲ್ಲಿ ತಂಗಿ ಆ ಗಾಜಿನ ಕಂಪ್ಯೂಟರಿನ ಮೇಲೆ ಒಂದು ಹಳೆಯ ಬಟ್ಟೆ ಹೊದಿಸಿ, ಅದರ ಮುಂದೆ ನೆಲದ ಮೇಲೆ ಕೂತಿದ್ದಳು. ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಅಣ್ಣ ಒಳಗೆ ಬಂದದ್ದನ್ನು ಕಂಡು ಎದ್ದಳು. ಅತ್ತು ಅತ್ತು ಮುಖ ಊದಿತ್ತು.

“ಅಚ್ಚುಮನೆಯವರು ಬೈದರಾ ಅಣ್ಣ? ನನ್ನಿಂದ ನೀನು ಎಲ್ಲರ ಕೈಲಿ ಅನ್ನಿಸಿಕೊಳ್ಳುವ ಹಾಗಾಯಿತು” ಎಂದಳು.

ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಅವನ ಬಾಯಿಂದ ಬಂದದ್ದು ಇಷ್ಟು: “ಅಳಬೇಡ. ನಾನು ಸರಿಮಾಡಿಕೊಡುತ್ತೇನೆ.”

ಕೂತ. ಹೊಸ ಸಿಸ್ಟಮ್ಮಿನ ಪಕ್ಕದಲ್ಲಿ ಹಳೆಯದನ್ನೂ ಹಾಕಿದ. ಫಾಂಟ್ ಹಾಕಿದ. ಫೈಲ್ ತೆರೆದ. ಚೈತ್ರ ಶುದ್ಧ ಪಾಡ್ಯ ಕಾಣಿಸಿತು. ಆಕೆ ಕಿರುಚಿಯೇಬಿಟ್ಟಳು. ಪುಟದ ಮೇಲೆ ಪುಟ ತಿರುಗಿಸಿದಳು. ನಗುತ್ತ ಅಳುತ್ತ ಬಗ್ಗಿ ಅಣ್ಣನ ಪಾದ ಮುಟ್ಟಿದಳು. “ನಾನು ಕೆಡಿಸಿದ್ದನ್ನು ನೀನು ಉಳಿಸಿದೆ” ಎಂದಳು.

ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಅವನಿಗೆ ಅನ್ನಿಸಿತು. ಎಳೆದುಕೊಳ್ಳಲಿಲ್ಲ. ಈಗ ಹೇಳಿದರೆ ಆಕೆಯ ಸಂತೋಷ ಕೆಡುತ್ತದೆ, ಪಂಚಾಂಗ ಅಚ್ಚಿಗೆ ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡ. ನಾಚಿಕೆ ಹಾಗೆಯೇ ಕಣಯ್ಯ. ಒಳಗಿನಿಂದ ಹೊರಡುವಾಗ ಒಂದು ಒಳ್ಳೆಯ ಕಾರಣದ ಬಟ್ಟೆ ಉಟ್ಟುಕೊಂಡೇ ಹೊರಡುತ್ತದೆ.

ಸುದ್ದಿ ಜೋಯಿಸರಿಗೆ ಮುಟ್ಟಿತು. ಮುದುಕರು ಕೋಲೂರಿಕೊಂಡು ತಾವೇ ಬಂದು ಜೋಡಣೆಗಾರನ ತಲೆಯ ಮೇಲೆ ಕೈಯಿಟ್ಟು ಹರಸಿದರು. ಪಂಚಾಂಗದ ಮೊದಲ ಪುಟದಲ್ಲಿ ಇವನ ಹೆಸರು ಬರಲೇಬೇಕೆಂದು ತಂಗಿಗೆ ನಾಲ್ಕು ಸಾಲು ಹೇಳಿ ಬರೆಸಿದರು. ‘ಬೆರಳಚ್ಚು ಮಾಡಿದವರ ಅಜಾಗ್ರತೆಯಿಂದ ಕೆಟ್ಟುಹೋಗಿದ್ದ ಈ ಪಂಚಾಂಗವನ್ನು ತಮ್ಮ ವಿದ್ಯೆಯಿಂದ ಉಳಿಸಿಕೊಟ್ಟ ಮಹನೀಯರಿಗೆ’ ಎಂದು ಅದು ಶುರುವಾಗುತ್ತಿತ್ತು. ಆ ಸಾಲುಗಳನ್ನು ಆಕೆ ತನ್ನ ಕೈಯಿಂದಲೇ ಬೆರಳಚ್ಚು ಮಾಡಿದಳು. ಒಂದಕ್ಷರ ತಪ್ಪಲಿಲ್ಲ. ಮುಗಿಸಿ ಅಣ್ಣನನ್ನು ಕರೆದಳು.

“ನಿನ್ನ ಹೆಸರು ಸರಿಯಾಗಿದೆಯಾ ನೋಡಣ್ಣ.”

ಅವನು ನೋಡಿದ. ಮೇಲಿನ ಸಾಲನ್ನೂ ಓದಿದ. ಅಜಾಗ್ರತೆ ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಗೆಳೆಯರಿರಲಿಲ್ಲ, ಅಕ್ಕಪಕ್ಕದವರಿರಲಿಲ್ಲ. ಹೇಳುವುದಾದರೆ ಅದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಇನ್ನೆಂದೂ ಸಿಗುತ್ತಿರಲಿಲ್ಲ.

“ಸರಿಯಾಗಿದೆ” ಎಂದ.

ಅಚ್ಚುಮನೆಯವನು ಅವಸರದಲ್ಲಿ ಮೊದಲ ಪುಟ ಓದದೆಯೇ ಅಚ್ಚು ಹಾಕಿದ. ಯುಗಾದಿಯ ದಿನ ದೇವಸ್ಥಾನದ ಅಂಗಳದಲ್ಲಿ ಪಂಚಾಂಗ ಓದಿದರು. ಬೇವುಬೆಲ್ಲ ಹಂಚಿ ಆಗಿತ್ತು. ಮಳೆ ಬೆಳೆ ಹೇಗೆ ಎಂದು ಕೇಳಲು ಊರೆಲ್ಲ ಕೂತಿತ್ತು. ಜೋಯಿಸರು ಅದಕ್ಕೂ ಮುಂಚೆ ಮೊದಲ ಪುಟದ ಆ ಸಾಲುಗಳನ್ನು ಗಟ್ಟಿಯಾಗಿ ಓದಿ, ಜೋಡಣೆಗಾರನನ್ನು ಮುಂದಕ್ಕೆ ಕರೆದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಅವನು ಕುತ್ತಿಗೆ ಮುರಿದವನಂತೆ ತಲೆ ತಗ್ಗಿಸಿ ನಿಂತ. “ಇಷ್ಟು ವಿದ್ಯೆ ಇದ್ದೂ ಎಷ್ಟು ವಿನಯ ನೋಡಿ” ಎಂದು ಯಾರೋ ಅಂದರು. ಹೆಂಗಸರ ಸಾಲಿನಲ್ಲಿ ಆಕೆಯೂ ತಲೆ ತಗ್ಗಿಸಿ ಕೂತಿದ್ದಳು. ಅಜಾಗ್ರತೆ ಎಂದು ಓದಿದಾಗ ಪಕ್ಕದವಳೊಬ್ಬಳು ತಿರುಗಿ ಆಕೆಯ ಮುಖ ನೋಡಿದಳು. ಅದನ್ನು ಅಣ್ಣ ಕಂಡ. ಶಾಲು ಮೈಮೇಲೆ ಕೆಂಡದ ಹಾಗೆ ಸುಟ್ಟಿತು. ತೆಗೆದು ಆಚೆ ಎಸೆಯಲಿಲ್ಲ. ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿ, ಕೆಳಗಿಟ್ಟಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡು ಕೆಲಸಕ್ಕೆ ಬಗ್ಗಿದರು. ನಿರಂಜನ ಹತ್ತಿರ ಸರಿದು ಕೇಳಿದ.

“ಆಮೇಲಾದರೂ ಹೇಳಿದನೇ ಗುರುಗಳೇ?”

“ಇಲ್ಲ.”

ನಿರಂಜನನಿಗೆ ಸಮಾಧಾನವಾಗಲಿಲ್ಲ. ತನ್ನಷ್ಟಕ್ಕೆ ತಾನೇ ವಾದ ಮಾಡಿಕೊಳ್ಳುವವನಂತೆ ಹೇಳಿದ: “ಅವನು ಮಾಡಿದ್ದು ತಪ್ಪೇ, ಇಲ್ಲ ಅನ್ನುವುದಿಲ್ಲ. ಆದರೂ ಕೊನೆಗೆ ಅವನೇ ಸರಿಮಾಡಿದನಲ್ಲ. ಕಂಪ್ಯೂಟರ್ ನಡೆಯಿತು, ಪಂಚಾಂಗ ಯುಗಾದಿಗೆ ಬಂತು. ಇಷ್ಟಕ್ಕೂ ಕೆಟ್ಟದ್ದೇನು?”

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

“ಮುಂದಿನ ವರ್ಷ ಜೋಯಿಸರು ಹಾಳೆಗಳನ್ನು ತಂದಾಗ ಆಕೆ, ‘ಬೇರೆ ಯಾರ ಕೈಲಾದರೂ ಮಾಡಿಸಿ, ನನ್ನ ಕೈಯನ್ನು ನಾನೇ ನಂಬುವುದಿಲ್ಲ’ ಎಂದು ಬಾಗಿಲಲ್ಲೇ ಹಿಂದಿರುಗಿಸಿದಳು.”

ನಿರಂಜನ ಆಚೆ ಇಟ್ಟಿದ್ದ ಫೋನನ್ನು ಎತ್ತಿಕೊಂಡು ಅತ್ತಿಗೆಯ ನಂಬರು ಒತ್ತಿದ.